ಅತ್ತೆಗೆ ಬಡಿಸಿದ ತಟ್ಟೆ

ಫೆಬ್ರವರಿ 5, ಗುರುವಾರ

ಈ ಡೈರಿ ಪೇಂಟ್ ಕಂಪನಿಯವರು ನಮ್ಮ ಅಂಗಡಿಗೆ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಒಂದೊಂದು ಬಣ್ಣದ ಪಟ್ಟಿ ಇದೆ. ಇವತ್ತಿನದು ಮಾಸಲು ಹಳದಿ, ಥೇಟ್ ಈ ರೂಮಿನ ಗೋಡೆಯ ಬಣ್ಣ. ಮದುವೆಯಾದ ಮೇಲೆ ನಾನು ಪೆನ್ನು ಹಿಡಿದದ್ದು ಮಗಳು ರಮ್ಯಾಳ ಸ್ಕೂಲ್ ಡೈರಿಗೆ ಸಹಿ ಹಾಕಲು ಮಾತ್ರ. ಈಗ ಬರೆಯಲು ಕೂತಿದ್ದೇನೆ ಅಂದರೆ ಮಾಡಲು ಬೇರೆ ಏನೂ ಇಲ್ಲ ಅಂತಲೇ ಅರ್ಥ.

ಕಾಪುವಿನ ಒಂದು ಲಾಡ್ಜು, ಏಳನೇ ನಂಬರ್ ರೂಮು. ಒಂದು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಬಕೆಟ್ಟು, ಹಿಡಿ ಮುರಿದ ಒಂದು ಮಗ್ಗು. ಬಾಗಿಲಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ಕಿಟಕಿ ತೆಗೆದರೆ ಸಮುದ್ರ ಕಾಣುತ್ತದೆ ಅಂತ ಸೋಮನಾಥ್ ಫೋನಿನಲ್ಲಿ ಹೇಳಿದ್ದ. ಕಾಣುವುದು ಅಡುಗೆಮನೆಯ ಹೊಗೆ ಕೊಳವೆ. ಸಮುದ್ರ ಕೇಳಿಸುತ್ತದೆ, ಅಷ್ಟೇ. ಸೋಮನಾಥ್ ಮೊದಲು ಬೆಂಗಳೂರಿನ ಯಡಿಯೂರಿನಲ್ಲಿರುವ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಈಗ ತನ್ನ ಊರಿನಲ್ಲಿ ಈ ಲಾಡ್ಜಿಗೆ ಮ್ಯಾನೇಜರು.

ಅತ್ತೆ ಸೊಣ್ಣಮ್ಮ ತೀರಿಕೊಂಡು ಹದಿನಾರು ದಿನವಾಯಿತು. ಹೋದ ಗಳಿಗೆ ಸರಿಯಿಲ್ಲ, ಧನಿಷ್ಠಾ ನಕ್ಷತ್ರ, ಮೂರು ತಿಂಗಳು ಮನೆ ಬಾಗಿಲು ಹಾಕಬೇಕು ಅಂದರು ಜೋಯಿಸರು. ಹಾಕಿದೆವು. ಮೇಲಿನ ಮೂರು ಮನೆಯಲ್ಲೂ ಬಾಡಿಗೆಯವರು ಹಾಯಾಗಿದ್ದಾರೆ, ಮಾಲೀಕರು ಬೀದಿಪಾಲು. ಇಂಥ ಮನೆಯವರು ನೆಂಟರ ಮನೆಯಲ್ಲಿ ಮಲಗಬಾರದಂತೆ. ಹುಳಿಮಾವಿನ ನನ್ನ ತಮ್ಮನ ಹೆಂಡತಿ, ನಾನು ಕೇಳುವ ಮೊದಲೇ "ನಮ್ಮನೇಲಿ ಮಗು ಇದೆ ಅತ್ತಿಗೆ" ಅಂದಳು. ಮೂರು ತಿಂಗಳಿಗೆ ಬಾಡಿಗೆಗೆ ಮನೆ ಕೇಳಿದರೆ ಯಾಕೆ ಅನ್ನುತ್ತಾರೆ, ಯಾಕೆ ಅಂತ ಹೇಳಿದರೆ ಇಲ್ಲ ಅನ್ನುತ್ತಾರೆ. ರಮ್ಯ ಬಿಟಿಎಂನಲ್ಲಿ ಪಿಜಿ ಸೇರಿದಳು. ನಮ್ಮವರು ಅಂಗಡಿಯ ಅಟ್ಟದ ಮೇಲೆ ಪೇಂಟ್ ಡಬ್ಬಗಳ ನಡುವೆ ಮಲಗುತ್ತಾರೆ. ನಾನು ಇಲ್ಲಿ.

ಫ್ರಿಜ್ ಆಫ್ ಮಾಡಿದೆನಾ? ಬಾಡಿಗೆಯವರ ನೀರಿನ ಮೋಟಾರು ನಮ್ಮ ಲೈನಿನಲ್ಲೇ ಇರುವುದರಿಂದ ಮೇನ್ ಆರಿಸಲಿಲ್ಲ. ಫ್ರಿಜ್ ನೆನಪಾಗುತ್ತಿಲ್ಲ.

ಫೆಬ್ರವರಿ 6, ಶುಕ್ರವಾರ

ಐದಕ್ಕೆ ಎಚ್ಚರವಾಯಿತು. ಎದ್ದು ಏನು ಮಾಡಲಿ? ಹಾಲು ಕಾಯಿಸಬೇಕಾಗಿಲ್ಲ, ಬಾಗಿಲಿಗೆ ನೀರು ಹಾಕಬೇಕಾಗಿಲ್ಲ, ಅತ್ತೆಯ ಸ್ನಾನಕ್ಕೆ ನೀರು ಬೆರೆಸಬೇಕಾಗಿಲ್ಲ. ಕೊನೆಗೆ ವರಾಂಡದ ಮೂಲೆಯಲ್ಲಿದ್ದ ಪೊರಕೆ ತಂದು ರೂಮು ಗುಡಿಸಿದೆ, ಮಂಚದ ಕೆಳಗೂ ಗುಡಿಸಿದೆ, ಇನ್ನೂ ಆರು ಗಂಟೆಯಾಗಿರಲಿಲ್ಲವಾದ್ದರಿಂದ ವರಾಂಡವನ್ನೂ ಗುಡಿಸಿದೆ. ಇಲ್ಲಿ ರೂಮು ಕ್ಲೀನ್ ಮಾಡುವ ಹೆಂಗಸು ಗುಲಾಬಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಎಂತ ಅಕ್ಕ ಇದು? ಹಿಡಿಸೂಡಿ ಕೊಡಿ ಇಲ್ಲಿ. ನೀವೇ ಗುಡಿಸಿದ್ರೆ ನನಗೆ ಎಂತ ಕೆಲಸ ಉಂಟು?"

ನಾನು ಪೊರಕೆ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಎರಡೂ ತುದಿ ಹಿಡಿದು ಒಂದು ನಿಮಿಷ ನಿಂತೆವು. ನನಗೇ ನಾಚಿಕೆಯಾಗಿ ಕೊಟ್ಟುಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಕೆಳಗೆ ಹೋದೆ. ಎಲ್ಲರ ಊಟ ಮುಗಿಯಲಿ ಅಂತ ಮೆಟ್ಟಿಲ ಹತ್ತಿರ ಕಾದಿದ್ದೆ. ಮುಗಿದ ಮೇಲೆ ಹೋಗಿ ಕೂತರೆ ಅನ್ನ ತಣ್ಣಗಾಗಿತ್ತು, ಸಾರು ತಳ ಸೇರಿತ್ತು. ಸೋಮನಾಥ್ ತಲೆ ಕೆರೆದುಕೊಂಡ. "ಹನ್ನೆರಡೂವರೆಗೇ ಬಿಸಿ ಬಿಸಿ ಇತ್ತಲ್ಲ ಅಕ್ಕ, ಯಾರಿಗೆ ಕಾಯ್ತಾ ಇದ್ರಿ?" ಇಪ್ಪತ್ತಾರು ವರ್ಷದಿಂದ ನಾನು ಉಣ್ಣುವುದು ಕೊನೆಗೇ. ಅತ್ತೆ, ಇವರು, ಮಗಳು, ಬಂದವರು, ಆಮೇಲೆ ನಾನು.

ಫೆಬ್ರವರಿ 8, ಭಾನುವಾರ

ಮೂರು ದಿನದಿಂದ ಈ ಒಂಬತ್ತು ಹೆಜ್ಜೆ ಅಳೆದೂ ಅಳೆದೂ ಕಾಲು ನೋಯುತ್ತಿದೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಅಂತ ಗೊತ್ತಿಲ್ಲ. ಬರೆದೇ ಬಿಡುತ್ತೇನೆ. ಓದುವವರು ಯಾರೂ ಇಲ್ಲ.

ಅವತ್ತು ಮಂಗಳವಾರ. ಹಿಂದಿನ ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಬೆಳಿಗ್ಗೆಯಿಂದ ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು ಹಿತಕುತ್ತಿದ್ದರು. ಎಂಬತ್ತಾರು ವರ್ಷವಾದರೂ ಆ ಬೆರಳು ಹಾಗೆ ಒತ್ತಿದರೆ ಬೇಳೆ ಹಾರಿ ಪಾತ್ರೆಗೆ ಬೀಳುತ್ತಿತ್ತು. ನಾನು ಒಂದು ಹಿತಕುವಷ್ಟರಲ್ಲಿ ಅವರದು ಮೂರು. "ಸಿಪ್ಪೆ ಜೊತೆ ಜಗಳ ಆಡ್ಬೇಡ, ಬರೀ ಒತ್ತು" ಅಂತ ಅವತ್ತೂ ಬೈದರು. ಅರ್ಧ ಬೇಳೆ ಸಾರಿಗೆ ಹಾಕಿದೆ. ಅರ್ಧವನ್ನು ಭಾನುವಾರಕ್ಕೆ ಇರಲಿ ಅಂತ ಎತ್ತಿಟ್ಟೆ.

ಅವರ ಊಟ ಹನ್ನೆರಡು ನಲವತ್ತಕ್ಕೆ, ಒಂದು ನಿಮಿಷ ಆಚೀಚೆಯಾಗುವಂತಿಲ್ಲ. ಮುದ್ದೆ ಕಟ್ಟಿ, ಸಾರು ಹಾಕಿ, ತಟ್ಟೆ ತಂದು ಮುಂದಿಟ್ಟೆ. "ಅತ್ತೆ, ಉಣ್ಣಿ" ಅಂದೆ. ಕೈ ಸಿಪ್ಪೆಯ ಮೊರದಲ್ಲೇ ಇತ್ತು. ತಲೆ ಒಂದು ಕಡೆ ವಾಲಿತ್ತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ, ಎದೆಗೆ ಕಿವಿಯಿಟ್ಟು ನೋಡಿದೆ. ಗೋಡೆ ಗಡಿಯಾರ ನೋಡಿದ್ದು ಸರಿಯಾಗಿ ನೆನಪಿದೆ, ಹನ್ನೆರಡು ನಲವತ್ಮೂರು.

ಚಾಪೆ ಹಾಸಿ ಮಲಗಿಸಿದೆ. ಕಣ್ಣು ಮುಚ್ಚಿಸಿ, ಬಾಯಿಗೆ ತುಳಸಿ ನೀರು ಬಿಟ್ಟೆ. ಸ್ವಲ್ಪ ಅಳುವೂ ಬಂತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಫೋನ್ ಕೈಗೆ ತೆಗೆದುಕೊಂಡೆ.

ಆಗ ಆ ತಟ್ಟೆ ಕಂಡಿತು. ಹೊಗೆಯಾಡುತ್ತಿತ್ತು. ಬೆಳಿಗ್ಗೆ ಐದಕ್ಕೆ ಕುಡಿದ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಫೋನ್ ಮಾಡಿದರೆ ಐದು ನಿಮಿಷದಲ್ಲಿ ಬೀದಿಯೆಲ್ಲ ಬರುತ್ತದೆ, ಒಲೆ ಆರುತ್ತದೆ, ಮಣ್ಣು ಮುಗಿಯುವವರೆಗೆ ಒಂದು ಅಗುಳು ಇಲ್ಲ ಅಂತ ನನಗೆ ಗೊತ್ತಿತ್ತು. ಫೋನ್ ಕೆಳಗಿಟ್ಟೆ. ತಟ್ಟೆ ಎಳೆದುಕೊಂಡೆ. ಅತ್ತೆಗೆ ಬಡಿಸಿದ ತಟ್ಟೆ, ಅತ್ತೆಯ ಪಕ್ಕದಲ್ಲೇ ಕೂತು ಉಂಡೆ. ಇನ್ನೊಂದು ಮುದ್ದೆ ಹಾಕಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಆ ಸಾರನ್ನು ನಾಲಿಗೆ ಸುಡುವ ಹಾಗೆ ಉಂಡದ್ದು ಅದೇ ಮೊದಲು. ದುಃಖ ಇರಲಿಲ್ಲ ಅಂತಲ್ಲ. ದುಃಖವೂ ಇತ್ತು, ಹಸಿವೂ ಇತ್ತು, ಎರಡೂ ಒಟ್ಟಿಗೇ ಇದ್ದವು.

ಆಮೇಲೆ ಭಯವಾಯಿತು. ತಟ್ಟೆ ತೊಳೆದೆ. ಪಾತ್ರೆಯಲ್ಲಿ ಉಳಿದ ಸಾರನ್ನು ಹಿತ್ತಲಿನ ಮೋರಿಗೆ ಚೆಲ್ಲಿ ಒಲೆ ಒರೆಸಿದೆ. ಎರಡು ಗಂಟೆಗೆ ಇವರಿಗೆ ಫೋನ್ ಮಾಡಿ "ರೀ, ಅತ್ತೆ ಈಗ ತಾನೇ..." ಅಂದೆ.

ಜೋಯಿಸರು ಸಮಯ ಕೇಳಿದಾಗ ಇವರು ನನ್ನ ಮುಖ ನೋಡಿದರು. "ಎರಡು ಗಂಟೆ" ಅಂದೆ. ಜೋಯಿಸರು ಪಂಚಾಂಗ ತೆಗೆದು ತುಟಿ ಕಚ್ಚಿಕೊಂಡರು. "ಒಂದು ಗಂಟೆ ಆರು ನಿಮಿಷಕ್ಕೆ ಶ್ರವಣ ಮುಗಿದು ಧನಿಷ್ಠಾ ಬಂದಿದೆಯಲ್ಲಮ್ಮ. ಒಂದು ಗಂಟೆ ಮುಂಚೆ ಹೋಗಿದ್ರೆ ಏನೂ ತೊಂದ್ರೆ ಇರ್ಲಿಲ್ಲ."

ಮುಂಚೆಯೇ ಹೋಗಿದ್ದರು. ನಾನು ಉಣ್ಣುತ್ತಿದ್ದೆ.

ನಕ್ಷತ್ರ ಗಿಕ್ಷತ್ರ ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಒಳ್ಳೆಯ ಗಳಿಗೆಯಲ್ಲಿ ಹೋದವರನ್ನು ಕೆಟ್ಟ ಗಳಿಗೆಗೆ ತಳ್ಳಿದವಳು ನಾನು. ಗಂಡನನ್ನು ಅಟ್ಟ ಹತ್ತಿಸಿದವಳೂ ನಾನೇ. ನಾಳೆ ಹೇಳಿಬಿಡುತ್ತೇನೆ.

ಫೆಬ್ರವರಿ 9, ಸೋಮವಾರ

ಅವರೇ ಫೋನ್ ಮಾಡಿದರು. ಅಟ್ಟದ ಏಣಿ ಹತ್ತಿ ಇಳಿದು ಮಂಡಿ ಊದಿದೆಯಂತೆ. ಹೋಟೆಲ್ ಊಟಕ್ಕೆ ಎದೆಯುರಿಯಂತೆ. "ಆ ಥಿನ್ನರ್ ವಾಸ್ನೆಗೆ ನಿದ್ದೇನೇ ಬರಲ್ಲ ಕಣೆ" ಅಂದರು. ನಾನು "ರೀ, ಒಂದು ಮಾತು..." ಅಂದೆ.

"ಹೇಳು."

"ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ."

ಫೆಬ್ರವರಿ 12, ಗುರುವಾರ

ಹೇಳಲಿಲ್ಲ.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ಸೂತಕದ ವರ್ಷ, ನಮಗೆ ಹಬ್ಬವಿಲ್ಲ. ರೂಮಿನಲ್ಲಿ ಕೂರಲಾಗದೆ ಸಮುದ್ರಕ್ಕೆ ಹೋದೆ. ಹತ್ತು ದಿನದಿಂದ ಇಲ್ಲಿದ್ದೂ ಹೋಗಿರಲಿಲ್ಲ ಅಂದರೆ ಯಾರಾದರೂ ನಗುತ್ತಾರೆ. ನನಗೆ ಅದರ ಸದ್ದೇ ಸಾಕಾಗಿತ್ತು. ನನ್ನ ಹಾಗೆ ಅದಕ್ಕೂ ಒಂದು ಕಡೆ ಕೂರಲು ಬರುವುದಿಲ್ಲ.

ಅತ್ತೆ ಸಮುದ್ರ ನೋಡಲೇ ಇಲ್ಲ. ಟಿವಿಯಲ್ಲಿ ಬಂದಾಗ ಒಮ್ಮೆ ಕೇಳಿದ್ದರು, "ವನಿತಾ, ಇದು ನಮ್ಮ ಯಡಿಯೂರು ಕೆರೆಗಿಂತ ದೊಡ್ಡದಾ?" ನಾನು ಬಾಯಿಗೆ ಸೆರಗಿಟ್ಟು ನಕ್ಕಿದ್ದೆ. ಅವರು ಬಿಡಲಿಲ್ಲ. "ನಗ್ಬೇಡ. ನಮ್ಮ ಕೆರೇಲಿ ಎಮ್ಮೆ ಮೈ ತೊಳೀತಿದ್ವಿ, ನೀರು ಕುಡೀತಿದ್ವಿ. ಇದ್ರಲ್ಲಿ ಏನ್ ಮಾಡ್ತಾರೆ?" ಇವತ್ತು ಅಷ್ಟು ದೊಡ್ಡ ನೀರಿನ ಮುಂದೆ ನಿಂತು ಅದನ್ನೇ ಯೋಚಿಸಿದೆ. ಎಮ್ಮೆ ತೊಳೆಯಲು ಬರುವುದಿಲ್ಲ, ಕುಡಿಯಲು ಬರುವುದಿಲ್ಲ. ಜನ ಸುಮ್ಮನೆ ನಿಂತು ನೋಡುತ್ತಾರೆ, ಅತ್ತೆ. ನಾನೂ ನಿಂತು ನೋಡಿದೆ. ಸೀರೆ ಮೊಣಕಾಲವರೆಗೆ ಒದ್ದೆಯಾಯಿತು. ತುಂಬಾ ಅತ್ತುಬಿಟ್ಟೆ.

ಫೆಬ್ರವರಿ 19, ಗುರುವಾರ

ಗುಲಾಬಿ ಹತ್ತು ಗಂಟೆಗೆ ಚಹಾ ತರುತ್ತಾಳೆ. ಬಾಗಿಲ ಹತ್ತಿರ ಕೂತು ತಾನೂ ಒಂದು ಲೋಟ ಕುಡಿಯುತ್ತಾಳೆ. ಇವತ್ತು ಕೇಳಿದಳು, "ಅಕ್ಕ, ನಿಮಗೆ ಎಂತ ಬೇಜಾರು? ಇಡೀ ದಿನ ನಡೀತೀರಿ. ಕೆಳಗಿನ ರೂಮಿನವರು ಮೇಲೆ ಯಾರು ಅಂತ ಕೇಳ್ತಾ ಇದ್ರು."

"ಅತ್ತೆ ಹೋದ್ರು" ಅಂದೆ.

"ಜೋರಿದ್ರಾ?"

"ಜೋರಿದ್ರು."

"ನಂದೂ" ಅಂದಳು. "ಈಗಲೂ ಉಂಟು. ಹೋಗುವ ಅಂದಾಜು ಕಾಣುದಿಲ್ಲ." ಇಬ್ಬರೂ ನಕ್ಕುಬಿಟ್ಟೆವು. ತಪ್ಪು ಅನಿಸಿತು, ಆದರೂ ನಕ್ಕೆವು.

ಫೆಬ್ರವರಿ 22, ಭಾನುವಾರ

ಹನ್ನೆರಡನೇ ನಂಬರ್ ಖಾಲಿಯಾಯಿತು. ಅದರ ಕಿಟಕಿಯಿಂದ ದೀಪಸ್ತಂಭ ಕಾಣುತ್ತದೆ. ಸೋಮನಾಥನಿಗೆ ಹೇಳಿ ಬದಲಾಯಿಸಿಕೊಂಡೆ. ಎರಡು ತಿಂಗಳಿಗೆ ಯಾವ ರೂಮಾದರೇನು, ಆದರೂ ಗಾಳಿ ಚೆನ್ನಾಗಿದೆ. ಊಟದ ಮನೆಯಲ್ಲೂ ಫ್ಯಾನಿನ ಕೆಳಗಿನ ಮೇಜು ಹಿಡಿಯಬೇಕೆಂದರೆ ಹನ್ನೆರಡೂಕಾಲಿಗೇ ಹೋಗಬೇಕು. ಹೋಗುತ್ತೇನೆ. ಇವತ್ತು ಗಂಜಿ ಉಗುರು ಬೆಚ್ಚಗಿತ್ತು, ವಾಪಸ್ ಕಳಿಸಿದೆ.

ಇವರ ಫೋನ್ ಬಂದಾಗ ನೀರಿನ ಹತ್ತಿರ ಇದ್ದೆ, ಕೇಳಿಸಲಿಲ್ಲ. ಸಂಜೆ ಮಾಡಿದೆ. ಮಂಡಿ ಹಾಗೇ ಇದೆಯಂತೆ. ಇವತ್ತೂ ಹೇಳಲಿಲ್ಲ.

ಮಾರ್ಚ್ 1, ಭಾನುವಾರ

ರಮ್ಯ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋದಳು. ಬೆಂಗಳೂರಿನಿಂದ ನನಗೆ ಅಂತ ಚಕ್ಕುಲಿ ತಂದಿದ್ದಳು. ಊಟಕ್ಕೆ ಕೂತಾಗ ನನ್ನನ್ನೇ ನೋಡುತ್ತಿದ್ದಳು.

"ಏನೇ?"

"ಏನಿಲ್ಲಮ್ಮ. ನೀನು ನನ್ ಜೊತೆ ಕೂತು ಊಟ ಮಾಡಿದ್ದು ಯಾವತ್ತು ಅಂತ ಯೋಚಿಸ್ತಿದ್ದೆ."

ಹೋಗುವಾಗ, "ಅಪ್ಪ ತುಂಬ ಇಳಿದೋಗಿದಾರೆ. ಅಜ್ಜಿ ಹೋದಾಗ ಅಳಲೇ ಇಲ್ಲ ನೋಡು, ಒಳಗೇ ಇಟ್ಕೊಂಡಿದಾರೆ" ಅಂದಳು. ಹೌದು, ಇವರು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿಸುವುದು, ಶಾಮಿಯಾನದವನಿಗೆ ಫೋನ್ ಮಾಡುವುದು, ಅದರಲ್ಲೇ ಹನ್ನೊಂದು ದಿನ ಕಳೆದರು. ರಮ್ಯಾಳನ್ನು ಬಸ್ ಹತ್ತಿಸಿ ನಡೆದುಕೊಂಡು ಮನೆಗೆ ಬಂದೆ. ಕಿಟಕಿ ತೆರೆದೇ ಇತ್ತು, ಹಾಸಿಗೆಯೆಲ್ಲ ಮರಳು.

ಮಾರ್ಚ್ 9, ಸೋಮವಾರ

ಬೆಳಿಗ್ಗೆ ಇವರ ಫೋನ್. ದನಿಯೇ ಬೇರೆಯಾಗಿತ್ತು.

"ವನಿ, ಬ್ಯಾಂಕಿಗೆ ಅಂತ ಪೇಪರ್ಸ್ ತೆಗೀತಿದ್ದೆ. ಅವತ್ತು ಡಾಕ್ಟ್ರು ಬರ್ಕೊಟ್ಟ ಚೀಟಿ ಸಿಕ್ತು. ಅದ್ರಲ್ಲಿ ಸಾವು ಹನ್ನೆರಡೂವರೆಯಿಂದ ಒಂದರೊಳಗೆ ಅಂತ ಹಾಕವ್ರೆ. ಹೋಗಿ ಕೇಳ್ದೆ. ಡಾಕ್ಟ್ರು, ತಾವು ಬಂದಾಗಲೇ ಮೈ ತಣ್ಣಗಾಗಿತ್ತು, ಎರಡು ಗಂಟೆ ಸಾಧ್ಯಾನೇ ಇಲ್ಲ ಅಂದ್ರು. ಪಕ್ಕದ ಶ್ರೀನಗರದಲ್ಲಿ ಇನ್ನೊಬ್ರು ಜೋಯಿಸ್ರಿಗೂ ತೋರಿಸ್ದೆ. ಒಂದರೊಳಗೆ ಅಂತ ಗ್ಯಾರಂಟಿ ಆದ್ರೆ ದೋಷಾನೇ ಇಲ್ಲ, ಇವತ್ತೇ ಬಾಗಿಲು ತೆಗೀರಿ ಅಂತಾರೆ. ನೀನಲ್ವಾ ಜೊತೆಗಿದ್ದಿದ್ದು? ಸರಿಯಾಗಿ ನೆನಪಿಸ್ಕೊಂಡು ಹೇಳು. ಅವ್ವ ಹೋಗಿದ್ದು ಎಷ್ಟೊತ್ತಿಗೆ?"

"ನಾಳೆ ಹೇಳ್ತೀನಿ ರೀ" ಅಂದೆ.

"ನಾಳೆನಾ? ಇದ್ರಲ್ಲಿ ನಾಳೆ ಏನ್ ಬಂತು?"

ಫೋನ್ ಇಟ್ಟೆ. ಮತ್ತೆ ನಡೆಯಲು ಶುರು. ಈ ರೂಮಿನಲ್ಲಿ ಹನ್ನೊಂದು ಹೆಜ್ಜೆ. ಒಂದೇ ಒಂದು ಮಾತು ಹೇಳಿದರೆ ನಾಳೆ ಬಾಗಿಲು ತೆಗೆಯುತ್ತಾರೆ. ಅವರ ಮಂಡಿಗೂ ಬಿಡುಗಡೆ. ಒಂದು ತಿಂಗಳಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ ಅಲ್ಲವಾ? ಮತ್ತೆ ಯಾಕೆ ಎದೆ ಹೀಗೆ ಕುಸಿಯುತ್ತಿದೆ?

ಎರಡೇ ಗಂಟೆ, ಡಾಕ್ಟರೇ ತಪ್ಪು ಬರೆದಿದ್ದಾರೆ ಅಂದುಬಿಟ್ಟರೆ? ಅವರು ನಂಬುತ್ತಾರೆ. ನನ್ನ ಮಾತನ್ನು ಇವತ್ತಿನವರೆಗೆ ಅನುಮಾನಿಸಿದವರಲ್ಲ. ಇನ್ನೂ ಐವತ್ತು ದಿನ ಈ ಕಿಟಕಿ, ಹತ್ತು ಗಂಟೆಯ ಚಹಾ, ಫ್ಯಾನಿನ ಕೆಳಗಿನ ಮೇಜು.

ಇದನ್ನು ಬರೆದು ಓದಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಗಂಡ ಅಟ್ಟದ ಮೇಲೆ ಮಂಡಿ ಹಿಡಿದುಕೊಂಡು ಮಲಗಿದ್ದಾರೆ, ನನಗೆ ಮೇಜಿನ ಯೋಚನೆ.

ಮಾರ್ಚ್ 10, ಮಂಗಳವಾರ

ಹನ್ನೆರಡೂವರೆಗೆ ಗಂಜಿ ಬಂದಿತ್ತು. ತಟ್ಟೆಯ ಮುಂದೆ ಕೂತೇ ಫೋನ್ ಮಾಡಿದೆ. ಎದ್ದು ನಡೆಯಲು ಶುರು ಮಾಡಿದರೆ ಮತ್ತೆ ಹೇಳುವುದಿಲ್ಲ ಅಂತ ಗೊತ್ತಿತ್ತು.

"ಹನ್ನೆರಡು ನಲವತ್ಮೂರು" ಅಂದೆ. "ಗಡಿಯಾರ ನೋಡಿದ್ದೆ."

"ಮತ್ತೆ ಎರಡು ಗಂಟೆ ಅಂದ್ಯಲ್ಲೇ?"

ಎಲ್ಲ ಹೇಳಿದೆ. ಮಲಗಿಸಿದ್ದು, ತುಳಸಿ ನೀರು, ಹಸಿವು, ತಟ್ಟೆ, ಎರಡನೇ ಮುದ್ದೆ. ಒಂದನ್ನೂ ಬಿಡಲಿಲ್ಲ. ಬೈಯಲಿ, ಹೊಡೆಯುತ್ತೇನೆ ಅನ್ನಲಿ, ಹುಳಿಮಾವಿಗೇ ಹೋಗು ಅನ್ನಲಿ ಅಂತ ಕಣ್ಣು ಮುಚ್ಚಿ ಕೂತಿದ್ದೆ. ಅಂಗಡಿಯ ಮುಂದೆ ಯಾವುದೋ ಆಟೋ ಹೋದದ್ದು ಕೇಳಿಸಿತು.

"ಏನು ಸಾರು?" ಅಂದರು.

"ಹಿತಕಿದ ಬೇಳೆ. ಅತ್ತೆ ಬೆಳಿಗ್ಗೆಯಿಂದ ಹಿತಕಿದ್ರಲ್ಲ."

"ಉಳೀಲಿಲ್ವಾ?"

"ಉಳಿದಿತ್ತು. ಯಾರಾದ್ರೂ ನೋಡ್ತಾರೆ ಅಂತ ಮೋರಿಗೆ ಚೆಲ್ಲಿಬಿಟ್ಟೆ."

"ಚೆಲ್ಲಿಬಿಟ್ಯಾ?"

ಆಮೇಲೆ ಅವರು ಅತ್ತರು. ಮಣ್ಣು ಮಾಡುವಾಗ ಅಳದವರು, ಹನ್ನೊಂದನೇ ದಿನ ಅಳದವರು, ಮಟಮಟ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಮಕ್ಕಳ ಹಾಗೆ ಬಿಕ್ಕಿದರು. "ನೀನು ಉಂಡಿದ್ದಕ್ಕೆ ನಂಗೇನಿಲ್ಲ ಕಣೆ. ಹಸಿವಾಗಿತ್ತು, ಉಂಡೆ. ಆದ್ರೆ ಅವ್ವನ ಕೈಯಿಂದು ಅದೇ ಕೊನೇದು. ನಂಗೂ ಒಂದು ತುತ್ತು ಇಟ್ಟಿದ್ರೆ... ಮೋರಿಗೆ ಚೆಲ್ಲಿದ್ಯಲ್ಲೇ."

ಒಂದೂವರೆ ತಿಂಗಳಿಂದ ನಾನು ಉಂಡದ್ದಕ್ಕೆ ಸಾಯುತ್ತಿದ್ದೆ. ಚೆಲ್ಲಿದ್ದು ನನಗೆ ತಪ್ಪು ಅಂತಲೇ ಹೊಳೆದಿರಲಿಲ್ಲ. ಅವರ ಅಳು ಕೇಳುತ್ತಾ ಕೂತಿದ್ದೆ. ಆಗ ನೆನಪಾಯಿತು.

"ರೀ, ಅಳ್ಬೇಡಿ, ಕೇಳಿ. ಅರ್ಧ ಬೇಳೆ ಎತ್ತಿಟ್ಟಿದ್ದೆ. ಫ್ರೀಜರ್‌ನಲ್ಲಿ. ಐಸ್ ಟ್ರೇ ಹಿಂದೆ, ರಮ್ಯಾಳ ಹಳೇ ಸ್ಕೂಲ್ ಡಬ್ಬೀಲಿ. ಫ್ರಿಜ್ ಆಫ್ ಮಾಡಿದೀನೋ ಇಲ್ವೋ ಗೊತ್ತಿಲ್ಲ."

ಅವರು ಫೋನ್ ಇಡಲಿಲ್ಲ. ಶಟರ್ ಎಳೆದ ಸದ್ದು ಕೇಳಿಸಿತು. ಎರಡು ಬೀದಿ ನಡೆದರು, ಮಂಡಿ ನೋವಿಗೆ ಉಸಿರು ಬಿಡುತ್ತಿದ್ದರು. ನಮ್ಮ ಗೇಟು ಕಿರುಗುಟ್ಟಿತು. ಬೀಗಕ್ಕೆ ಬೀಗದಕೈ ಹಾಕಲು ಎರಡು ಸಲ ತಪ್ಪಿತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದೆ.

"ಲೈಟ್ ಉರೀತಿದೆ ಕಣೆ" ಅಂದರು. ಫ್ರಿಜ್ಜಿನ ಲೈಟು. ಸ್ವಲ್ಪ ಹೊತ್ತು ಐಸ್ ಕೆರೆಯುವ ಸದ್ದು. ಆಮೇಲೆ, "ಸಿಕ್ತು. ಗಟ್ಟಿಯಾಗಿದೆ, ಕಲ್ಲಾಗಿದೆ. ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿರುತ್ತೆ. ಪೂರ್ತಿ ಹಾಕ್ಬೇಡಿ. ನೀರಲ್ಲಿಟ್ಟು ಸ್ವಲ್ಪ ಬಿಡಿಸ್ಕೊಂಡು ಅರ್ಧ ತೆಗೀರಿ, ಅರ್ಧ ವಾಪಸ್ ಇಡಿ."

ಸಾರು ಮಾಡುವುದು ಹೇಗೆ ಅಂತ ಒಂದೊಂದಾಗಿ ಹೇಳಿದೆ. ಮಸಾಲೆ ರುಬ್ಬುವುದು ಬರುವುದಿಲ್ಲ ಅಂದರು. ಡಬ್ಬದಲ್ಲಿ ಸಾರಿನಪುಡಿ ಇದೆ, ಅದೇ ಸಾಕು ಅಂದೆ. ಅವ್ವ ಒಪ್ಪುತ್ತಿರಲಿಲ್ಲ ಅಂದರು. ಒಪ್ಪುತ್ತಿರಲಿಲ್ಲ ಅಂತ ನಾನೂ ಅಂದೆ.

"ನೀನು ಯಾವಾಗ ಬರ್ತೀಯ?"

"ಶನಿವಾರ."

"ನಾಳೆ ಬಸ್ ಇಲ್ವಾ?"

"ಇದೆ. ಶನಿವಾರ ಬರ್ತೀನಿ. ಉಳಿದ ಅರ್ಧ ಅವತ್ತು ಮಾಡಿ. ನಿಮ್ ಜೊತೆಗೇ ಕೂತ್ಕೋತೀನಿ, ಆಮೇಲೆ ಅಲ್ಲ."

ಅವರು ಹೂಂ ಅಂದರು.

ಫೋನ್ ಇಟ್ಟು ನೋಡಿದರೆ ಮೇಜಿನ ಮೇಲಿನ ಗಂಜಿ ಪೂರ್ತಿ ತಣ್ಣಗಾಗಿತ್ತು. ಗುಲಾಬಿಯನ್ನು ಕರೆದೆ. ಬಿಸಿ ಮಾಡಿಸಿಕೊಂಡು ಉಂಡೆ.